ಅಡುಗೆಮನೆಗೆ ಬಂದ ಇರುವೆ ಯಾವುದು?

ಸಕ್ಕರೆ ಡಬ್ಬದ ಮುಚ್ಚಳ ಚೂರು ಸಡಿಲವಾಗಿದ್ದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಇರುವೆ ಸಾಲು ಹಾಜರು. ಮಕ್ಕಳು ಶಾಲೆಯಿಂದ ತಂದು ತೊಳೆಯದೆ ಇಟ್ಟ ಊಟದ ಡಬ್ಬ, ಹಾಲು ಚೆಲ್ಲಿದ ಒಲೆಕಟ್ಟೆ, ದೇವರ ಮುಂದಿಟ್ಟ ಬೆಲ್ಲದ ಚೂರು ಯಾವುದನ್ನೂ ಅವು ಬಿಡುವುದಿಲ್ಲ. ಆಗ ಮನೆಮಂದಿ ಮಾಡುವ ಕೆಲಸ ಮೂರು: ಒದ್ದೆ ಬಟ್ಟೆಯಲ್ಲಿ ಒರೆಸಿಹಾಕುವುದು, ಇಲ್ಲವೇ ವಿಷದ ಪುಡಿ ಉದುರಿಸುವುದು, ಇಲ್ಲವೇ ಕೀಟನಾಶಕ ಸಿಂಪಡಿಸುವುದು. ಸಾಲು ಮಾಯವಾಗುತ್ತದೆ. ಎರಡು ದಿನ ಕಳೆಯುವುದರೊಳಗೆ ಇನ್ನೊಂದು ಮೂಲೆಯಿಂದ ಮತ್ತೊಂದು ಸಾಲು ಹೊರಡುತ್ತದೆ.

ಹೀಗಾಗುವುದು ವಿಷ ಕಡಿಮೆಯಾದುದರಿಂದ ಅಲ್ಲ. ಬಂದ ಇರುವೆ ಯಾವುದು, ಎಲ್ಲಿಂದ ಬಂತು ಎಂಬುದನ್ನು ನೋಡದೆ ವಿಷ ಹಾಕಿದ್ದರಿಂದ. ಜಗತ್ತಿನಲ್ಲಿ ಇದುವರೆಗೆ 14,000ಕ್ಕೂ ಹೆಚ್ಚು ಜಾತಿಯ ಇರುವೆಗಳಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದಾರೆ. ಅವುಗಳಲ್ಲಿ ನಮ್ಮ ಮನೆಯೊಳಗೆ ಮತ್ತೆ ಮತ್ತೆ ಕಾಣಸಿಗುವವು ಬೆರಳೆಣಿಕೆಯಷ್ಟು ಮಾತ್ರ. ಒಂದು ಭೂತಗನ್ನಡಿ, ಕಂಪಾಸ್ ಪೆಟ್ಟಿಗೆಯ ಒಂದು ಸ್ಕೇಲು ಇದ್ದರೆ ಹೈಸ್ಕೂಲು ವಿದ್ಯಾರ್ಥಿಯೂ ಅವನ್ನು ಗುರುತಿಸಬಲ್ಲ. ಗುರುತಿಸಿದ ಮೇಲೆ ಪರಿಹಾರ ಸುಲಭ, ಅನೇಕ ವೇಳೆ ವಿಷದ ಅಗತ್ಯವೇ ಇರುವುದಿಲ್ಲ.

ಕಾಣುವುದು ಕೆಲವೇ ಇರುವೆ

ಗೋಡೆಯ ಮೇಲೆ ಸಾಲಾಗಿ ಹೋಗುವ ಇರುವೆಗಳೆಲ್ಲ ಹೆಣ್ಣು ಕೆಲಸಗಾರ ಇರುವೆಗಳು. ಅವೂ ಕೂಡ ಗೂಡಿನ ಒಂದು ಪಾಲು ಮಾತ್ರ. ಎಳೆಯ ಕೆಲಸಗಾರ ಇರುವೆಗಳು ಗೂಡಿನೊಳಗೇ ಇದ್ದು ಮರಿಗಳ ಆರೈಕೆ ನೋಡಿಕೊಳ್ಳುತ್ತವೆ. ವಯಸ್ಸಾದ ಇರುವೆಗಳು ಆಹಾರ ಹುಡುಕಲು ಹೊರಗೆ ಬರುತ್ತವೆ. ಮೊಟ್ಟೆಯಿಡುವ ರಾಣಿ ಸಾಮಾನ್ಯವಾಗಿ ಹೊರಗೆ ಕಾಣಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಸಾಲಿನಲ್ಲಿದ್ದ ನೂರಾರು ಇರುವೆ ಸತ್ತರೂ ಗೂಡಿಗೆ ಆಗುವ ನಷ್ಟ ಅಲ್ಪ. ರಾಣಿ ಇರುವ ತನಕ ಹೊಸ ಇರುವೆಗಳು ಹುಟ್ಟುತ್ತಲೇ ಇರುತ್ತವೆ.

ಅವು ಸಾಲುಗಟ್ಟುವುದಾದರೂ ಹೇಗೆ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ವಿಲ್ಸನ್ 1959ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಅವರು ಬೆಂಕಿ ಇರುವೆಯ ಹೊಟ್ಟೆಯೊಳಗಿನ ಒಂದು ಪುಟ್ಟ ಗ್ರಂಥಿಯನ್ನು ಬೇರ್ಪಡಿಸಿ, ಅದರ ರಸದಿಂದ ಗೆರೆ ಎಳೆದರು. ಇರುವೆಗಳು ಆ ಗೆರೆಯನ್ನೇ ಹಿಡಿದು ನಡೆದವು. ಆಹಾರ ಕಂಡ ಇರುವೆ ಗೂಡಿಗೆ ಹಿಂದಿರುಗುವಾಗ ನೆಲಕ್ಕೆ ವಾಸನೆಯ ದ್ರವ ಸವರುತ್ತಾ ಹೋಗುತ್ತದೆ. ಫೆರೊಮೋನ್ ಎಂಬುದು ಇಂಥ ದ್ರವಗಳ ಹೆಸರು. ಮಿಕ್ಕವು ಕುಡಿಮೀಸೆಯಿಂದ ಅದನ್ನು ಮೂಸುತ್ತಾ ಬರುತ್ತವೆ, ಬಂದವು ಮತ್ತಷ್ಟು ಸವರುತ್ತವೆ. ಆಹಾರ ಮುಗಿದಾಗ ಸವರುವವರಿಲ್ಲದೆ ವಾಸನೆ ಆರಿಹೋಗುತ್ತದೆ, ದಾರಿಯೂ ಅಳಿಯುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಾಲು ಹೋಗುವ ದಾರಿಯಲ್ಲಿ ಒಂದು ಬಿಳಿ ಕಾಗದ ಇಡಿ. ಇರುವೆಗಳು ಅದರ ಮೇಲೆ ಸರಾಗವಾಗಿ ಓಡಾಡತೊಡಗಿದ ಮೇಲೆ ಕಾಗದವನ್ನು ಮೆಲ್ಲಗೆ ಅಡ್ಡಕ್ಕೆ ತಿರುಗಿಸಿ. ಇರುವೆಗಳು ಗಲಿಬಿಲಿಗೊಂಡು ಅಂಚಿನಲ್ಲಿ ನಿಲ್ಲುವುದು ಕಾಣುತ್ತದೆ. ಎರಡನೆಯ ಸಲ ಕಾಗದದ ಬದಲು ದಾರಿಯ ಒಂದು ಗೇಣು ಉದ್ದವನ್ನು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ದಾರಿ ಮತ್ತೆ ಕೂಡಿಕೊಳ್ಳಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಿ. ಬರೀ ನೀರಿನಲ್ಲಿ ಒರೆಸಿದಾಗ ಎಷ್ಟು ಹೊತ್ತು, ಸಾಬೂನಿನಲ್ಲಿ ಎಷ್ಟು ಹೊತ್ತು ಎಂಬುದನ್ನು ಹೋಲಿಸಿದರೆ ಅಮ್ಮನಿಗೂ ಉಪಯೋಗವಾಗುವ ಮಾಹಿತಿ ಸಿಗುತ್ತದೆ.

ಐವರ ಪರಿಚಯ

ಒಂದೆರಡು ಇರುವೆಗಳನ್ನು ಪಾರದರ್ಶಕ ಅಂಟುಪಟ್ಟಿಯಲ್ಲಿ ಹಿಡಿದು ಬಿಳಿ ಹಾಳೆಗೆ ಅಂಟಿಸಿ. ಪಕ್ಕದಲ್ಲಿ ಸ್ಕೇಲು ಇಟ್ಟು ಭೂತಗನ್ನಡಿಯಲ್ಲಿ ನೋಡಿ. ಉದ್ದ, ಬಣ್ಣ, ನಡಿಗೆ ಈ ಮೂರನ್ನು ಗಮನಿಸಿದರೆ ಸಾಕು.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ದೊಡ್ಡ ಕರಿ ಇರುವೆ, ಗೊದ್ದ. ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ, ಅದಕ್ಕಿಂತ ದೊಡ್ಡದೂ ಉಂಟು. ಇದರ ಗೂಡು ಹೊರಗಡೆ, ಹೆಚ್ಚಾಗಿ ಮರದ ಬುಡದ ಮಣ್ಣಿನಲ್ಲಿ. ಮನೆಗೆ ಬರುವುದು ಸಿಹಿಯ ಆಸೆಗೆ, ಅದೂ ಹೆಚ್ಚಾಗಿ ಕತ್ತಲಾದ ಮೇಲೆ. ಹಿಡಿದರೆ ಕಚ್ಚುತ್ತದೆ, ಆದರೆ ಇದಕ್ಕೆ ಚುಚ್ಚುವ ಮುಳ್ಳಿಲ್ಲ.

ಎರಡನೆಯದು ಸುಮಾರು 3 ಮಿಲಿಮೀಟರ್ ಉದ್ದದ, ಕಪ್ಪು ಅಥವಾ ಕಡು ಕಂದು ಬಣ್ಣದ ಸಣ್ಣ ಇರುವೆ. ಮೈಗೆ ಹೋಲಿಸಿದರೆ ಕಾಲೂ ಕುಡಿಮೀಸೆಯೂ ಬಲು ಉದ್ದ. ನೆಟ್ಟಗೆ ನಡೆಯುವುದು ಇದಕ್ಕೆ ಗೊತ್ತೇ ಇಲ್ಲ. ಏನೋ ಕಳೆದುಕೊಂಡಂತೆ ಅತ್ತಿತ್ತ ಧಾವಿಸುತ್ತಿರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಹುಚ್ಚು ಇರುವೆ ಎಂದೇ ಕರೆಯುತ್ತಾರೆ. ಹೂಕುಂಡದ ಅಡಿ, ಹಳೆಯ ರಟ್ಟಿನ ಪೆಟ್ಟಿಗೆ, ಇಟ್ಟಿಗೆ ರಾಶಿ ಎಲ್ಲೆಂದರಲ್ಲಿ ಗೂಡು ಮಾಡಿ, ತೊಂದರೆಯಾದರೆ ಸಂಸಾರ ಸಮೇತ ಜಾಗ ಬದಲಿಸುತ್ತದೆ. ಮನುಷ್ಯರಿಗೆ ಇದರಿಂದ ನೋವಿಲ್ಲ.

ಮೂರನೆಯದು ಉರಿ ಹತ್ತಿಸುವ ಕೆಂಪು ಇರುವೆ, ವಿಜ್ಞಾನದ ಹೆಸರು ಸೊಲೆನಾಪ್ಸಿಸ್ ಜೆಮಿನಾಟಾ. ಒಂದೇ ಸಾಲಿನಲ್ಲಿ ಚಿಕ್ಕದೂ ದೊಡ್ಡದೂ ಇರುತ್ತವೆ, ದೊಡ್ಡದರ ತಲೆ ಮೈಗಿಂತ ದಪ್ಪವಾಗಿ ಕಾಣುತ್ತದೆ. ನೆಲದ ಬಿರುಕಿನಲ್ಲಿ ನುಣ್ಣನೆಯ ಮಣ್ಣಿನ ಗುಪ್ಪೆ ಎದ್ದಿದ್ದರೆ ಇದರ ಮೇಲೆ ಸಂಶಯಪಡಬಹುದು. ಸಿಹಿಯ ಜೊತೆಗೆ ಕಾಳು, ಕೊಬ್ಬರಿ, ಎಣ್ಣೆ ಪದಾರ್ಥವೂ ಇದಕ್ಕೆ ಇಷ್ಟ. ಇದು ನಮ್ಮ ನಾಡಿನ ಮೂಲ ನಿವಾಸಿಯಲ್ಲ, ಅಮೆರಿಕ ಖಂಡದ ಉಷ್ಣವಲಯದ್ದು. 16ನೇ ಶತಮಾನದಲ್ಲಿ ಮೆಕ್ಸಿಕೋದ ಅಕಾಪುಲ್ಕೋ ಬಂದರಿನಿಂದ ಮನಿಲಾಕ್ಕೆ ಹೊರಡುತ್ತಿದ್ದ ಸ್ಪೇನಿನ ಹಡಗುಗಳಲ್ಲಿ ಇದು ಏಷ್ಯಾಕ್ಕೆ ಬಂದಿತೆಂದು 2015ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನವೊಂದು ತೋರಿಸಿತು.

ನಾಲ್ಕನೆಯದು ಫೇರೋ ಇರುವೆ. ಉದ್ದ ಕೇವಲ 2 ಮಿಲಿಮೀಟರ್, ಬಣ್ಣ ಹಳದಿ ಮಿಶ್ರಿತ ಕಂದು, ಹೊಟ್ಟೆಯ ತುದಿ ಮಾತ್ರ ಕಪ್ಪಾಗಿರುತ್ತದೆ. ಲಿನೇಯಸ್ 1758ರಲ್ಲೇ ಇದಕ್ಕೆ ಈಜಿಪ್ಟಿನ ಅರಸರ ಹೆಸರಿಟ್ಟ. ಗೋಡೆಯ ಸಂದು, ಸ್ವಿಚ್ ಬೋರ್ಡಿನ ಹಿಂಭಾಗ, ಮಡಿಸಿಟ್ಟ ಬಟ್ಟೆಯ ನಡುವೆ ಎಲ್ಲಿ ಬೆಚ್ಚಗಿದೆಯೋ ಅಲ್ಲಿ ಇದರ ಬಿಡಾರ. ಆಸ್ಪತ್ರೆಗಳಲ್ಲಿ ಇದು ರೋಗಾಣುಗಳನ್ನು ಹೊತ್ತು ತಿರುಗುವ ಬಗ್ಗೆ 1972ರಲ್ಲಿ ಬ್ರಿಟನ್ನಿನ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂದಿತ್ತು.

ಐದನೆಯದು ಇವೆಲ್ಲಕ್ಕಿಂತ ಪುಟ್ಟದು, 2 ಮಿಲಿಮೀಟರಿಗೂ ಕಡಿಮೆ. ತಲೆ ಕಪ್ಪು, ಹೊಟ್ಟೆ ಹಾಗೂ ಕಾಲು ಬಿಳಿಚು. ಬಿಳಿಯ ಟೈಲ್ಸ್ ಮೇಲೆ ಓಡಿದರೆ ಬರೀ ಕಪ್ಪು ಚುಕ್ಕೆಗಳು ಸರಿದಂತೆ ತೋರುತ್ತದೆ. ಅದಕ್ಕೇ ಇದರ ಇಂಗ್ಲಿಷ್ ಹೆಸರು ಭೂತದ ಇರುವೆ. ಬೆರಳಲ್ಲಿ ಹೊಸಕಿ ಮೂಸಿದರೆ ಕೆಟ್ಟ ಕೊಬ್ಬರಿಯ ವಾಸನೆ ಬರುತ್ತದೆ. ಸಿಂಕಿನ ಸುತ್ತ, ಸಿಹಿ ಇರುವಲ್ಲಿ ಇದು ಹೆಚ್ಚು.

ಗೆದ್ದಲೋ, ಇರುವೆಯೋ?

ಮಳೆ ಬಂದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳಗಳನ್ನು ಕಂಡು ಕೆಲವರು ರೆಕ್ಕೆ ಬಂದ ಇರುವೆ ಎಂದು ಸುಮ್ಮನಾಗುತ್ತಾರೆ. ಇಲ್ಲಿ ತಪ್ಪಿದರೆ ಬಾಗಿಲು, ಕಿಟಕಿ, ಪುಸ್ತಕದ ಕಪಾಟುಗಳಿಗೆ ಅಪಾಯ. ಇರುವೆಯ ಸೊಂಟ ದಾರದಂತೆ ಸಣ್ಣ, ಗೆದ್ದಲಿಗೆ ಸೊಂಟವೇ ಇಲ್ಲದಂತೆ ಮೈ ಒಂದೇ ಸಮ. ಇರುವೆಯ ಕುಡಿಮೀಸೆ ಮೊಣಕೈಯಂತೆ ಬಾಗಿರುತ್ತದೆ, ಗೆದ್ದಲಿನದು ಮಣಿ ಪೋಣಿಸಿದಂತೆ ನೇರ. ಇರುವೆಯ ಮುಂದಿನ ರೆಕ್ಕೆ ಉದ್ದ, ಹಿಂದಿನದು ಚಿಕ್ಕದು. ಗೆದ್ದಲಿನ ನಾಲ್ಕೂ ರೆಕ್ಕೆ ಸಮ. ಬೆಳಿಗ್ಗೆ ಗುಡಿಸುವಾಗ ಮನೆಯೊಳಗಿನ ಗೋಡೆಯ ಬುಡದಲ್ಲಿ ಒಂದೇ ಅಳತೆಯ ರೆಕ್ಕೆಗಳ ರಾಶಿ ಸಿಕ್ಕಿದರೆ, ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಕಂಡರೆ, ಅದು ಗೆದ್ದಲಿನ ಕೆಲಸ. ಅದರ ಚಿಕಿತ್ಸೆಯೇ ಬೇರೆ, ತಿಳಿದವರನ್ನು ಕರೆಸಬೇಕು.

ಸಿಂಪಡಿಸಿದರೆ ಒಂದು ಗೂಡು ಹಲವಾದೀತು

ಗೊದ್ದಕ್ಕೂ ಫೇರೋ ಇರುವೆಗೂ ಒಂದೇ ಔಷಧ ಏಕಾಗದು ಎಂಬುದಕ್ಕೆ ಕಾರಣ ಅವುಗಳ ಸಂಸಾರದ ರೀತಿ. ಗೊದ್ದದ ಗೂಡು ಹೊರಗಿದೆ. ಅದು ಬರುವ ದಾರಿ ಮುಚ್ಚಿದರೆ ಕೆಲಸ ಮುಗಿಯಿತು. ಫೇರೋ ಇರುವೆಯ ಗೂಡು ಮನೆಯೊಳಗೇ ಇದೆ, ಅದರಲ್ಲಿ ರಾಣಿಯರು ಅನೇಕ. ಕೀಟನಾಶಕದ ಸಿಂಚನದಿಂದ ಗೂಡು ಕದಡಿದರೆ ಕೆಲವು ಕೆಲಸಗಾರ ಇರುವೆಗಳು ಮೊಟ್ಟೆ, ಮರಿ, ರಾಣಿಯರನ್ನು ಕಟ್ಟಿಕೊಂಡು ಒಂದು ಕಡೆಗೆ, ಇನ್ನು ಕೆಲವು ಮತ್ತೊಂದು ಕಡೆಗೆ ಹೋಗಿ ಹೊಸ ಗೂಡು ಹೂಡುತ್ತವೆ. ಅಡುಗೆಮನೆಯಲ್ಲಿದ್ದದ್ದು ಮಲಗುವ ಕೋಣೆಗೂ ಬಂತು ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಇದೇ. ಭೂತದ ಇರುವೆಯೂ ಇದೇ ಜಾಯಮಾನದ್ದು. ಈ ಎರಡು ಪುಟ್ಟ ಇರುವೆಗಳನ್ನು ಕಂಡಾಗ ಸಿಂಪಡಿಸುವ ಡಬ್ಬಕ್ಕೆ ಕೈ ಹಾಕಲೇಬಾರದು.

ವಿಷಕ್ಕಿಂತ ಮೊದಲು

ಯಾವ ಇರುವೆಯೇ ಆಗಲಿ, ಮೊದಲು ಮಾಡಬೇಕಾದ ಕೆಲಸಗಳು ನಾಲ್ಕು.

ಒಂದು, ಸಾಲನ್ನು ಕೂಡಲೇ ಅಳಿಸದೆ ಅದರ ಹಿಂದೆಯೇ ಹೋಗಿ ಅವು ಹೊರಬರುವ ಜಾಗ ಪತ್ತೆ ಮಾಡಿ. ಮಕ್ಕಳಿಗೆ ಒಪ್ಪಿಸಿದರೆ ಸಂತೋಷದಿಂದ ಮಾಡುತ್ತಾರೆ.

ಎರಡು, ಆಮೇಲೆ ಸಾಲನ್ನು ಸಾಬೂನು ನೀರಿನಿಂದ ಒರೆಸಿ. ಇರುವೆ ಸತ್ತರಷ್ಟೇ ಸಾಲದು, ವಾಸನೆಯ ದಾರಿ ಹೋಗಬೇಕು.

ಮೂರು, ಬಂದ ಸಂದನ್ನು ಬಿಳಿ ಸಿಮೆಂಟಿನಿಂದ ಮುಚ್ಚಿ. ಕಿಟಕಿ ಚೌಕಟ್ಟು, ನೀರಿನ ಕೊಳವೆ ಗೋಡೆ ಹೊಕ್ಕುವ ಜಾಗ, ಟೈಲ್ಸ್ ಸಂದು ಮುಖ್ಯ. ಗೋಡೆಗೆ ತಾಗಿದ ಮರದ ಕೊಂಬೆಯನ್ನು ಸವರಿ. ಹೊರಗಿನ ದಾಸವಾಳ ಗಿಡದಲ್ಲಿ ಹಿಟ್ಟುತಿಗಣೆ, ಗಿಡಹೇನು ಇದ್ದರೆ ಅವು ಸುರಿಸುವ ಸಿಹಿ ರಸಕ್ಕಾಗಿ ಇರುವೆ ಬರುತ್ತಲೇ ಇರುತ್ತದೆ. ಗಿಡವನ್ನು ರಭಸದ ನೀರಿನಿಂದ ತೊಳೆಯಿರಿ.

ನಾಲ್ಕು, ಊಟದ ಡಬ್ಬ, ಎಂಜಲು ತಟ್ಟೆ, ಕಸದ ಬುಟ್ಟಿ ರಾತ್ರಿ ಉಳಿಯದಂತೆ ನೋಡಿಕೊಳ್ಳಿ. ಸೋರುವ ನಲ್ಲಿಯನ್ನೂ ದುರಸ್ತಿ ಮಾಡಿಸಿ, ಬೇಸಿಗೆಯಲ್ಲಿ ಇರುವೆ ಬರುವುದು ನೀರಿಗೂ ಹೌದು.

ಸಕ್ಕರೆಗೆ ಲವಂಗ ಹಾಕುವುದು, ಸಾಲಿಗೆ ಅರಿಸಿನ ಉದುರಿಸುವುದು ನಮ್ಮ ಮನೆಗಳ ರೂಢಿ. ಇವುಗಳಿಂದ ಇರುವೆ ಸ್ವಲ್ಪ ಹೊತ್ತು ದೂರ ಸರಿದೀತು, ಗೂಡಿಗೆ ಏನೂ ಆಗದು. ಹಾನಿಯಂತೂ ಇಲ್ಲ. ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಡಬ್ಬ ಇಡುವುದು ಇವಕ್ಕಿಂತ ಒಳ್ಳೆಯ ಉಪಾಯ. ಆದರೆ ನೀರಿನ ಮೇಲ್ಮೈ ಎಳೆತದಿಂದಾಗಿ, ಧೂಳು ಕಟ್ಟಿದ ನೀರಿನ ಮೇಲೆ ಹಗುರ ಇರುವೆ ನಡೆದು ದಾಟಿಬಿಡಬಹುದು. ಒಂದೆರಡು ಹನಿ ಸಾಬೂನು ನೀರು ಸೇರಿಸಿದರೆ ಆ ಎಳೆತ ಕುಗ್ಗಿ ಇರುವೆ ಮುಳುಗುತ್ತದೆ. ಇನ್ನೊಂದು ಮಾತು: ಕಪಾಟಿನ ಕಾಲಿಗೆ ಇಟ್ಟ ಇಂಥ ನೀರಿನ ಬಟ್ಟಲು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಚ್ಚುಮೆಚ್ಚಿನ ತೊಟ್ಟಿಲು. ಅದರ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆಯಾದರೂ ಬಟ್ಟಲನ್ನು ಉಜ್ಜಿ ತೊಳೆಯಬೇಕು.

ನಿಧಾನದ ವಿಷವೇ ಮೇಲು

ಇಷ್ಟಾದರೂ ನಿಲ್ಲದಿದ್ದರೆ, ಅದರಲ್ಲೂ ಫೇರೋ ಮತ್ತು ಭೂತದ ಇರುವೆಗಳಾದರೆ, ವಿಷವನ್ನು ಅವುಗಳ ಕೈಯಲ್ಲೇ ಗೂಡಿಗೆ ಕಳಿಸಬೇಕು. ಬೆಳೆದ ಇರುವೆ ಗಟ್ಟಿ ಆಹಾರ ನುಂಗಲಾರದು. ದ್ರವವನ್ನು ಹೀರಿ, ಹೊಟ್ಟೆಯೊಳಗಿನ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ, ಗೂಡಿನ ಇತರರ ಬಾಯಿಗೆ ಉಣಿಸುತ್ತದೆ. ರಾಣಿಗೂ ಮರಿಗಳಿಗೂ ಊಟ ಮುಟ್ಟುವುದು ಹೀಗೆಯೇ.

ಇದನ್ನೇ ಬಳಸಿಕೊಳ್ಳುವ ಮದ್ದು ಬೋರಿಕ್ ಆಮ್ಲದ ಪಾಕ. ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರಿಗೆ 20 ಗ್ರಾಂ ಸಕ್ಕರೆ, 2 ಗ್ರಾಂ ಬೋರಿಕ್ ಪುಡಿ. ಎರಡು ಗ್ರಾಂ ಎಂದರೆ ಸುಮಾರು ಅರ್ಧ ಚಹಾ ಚಮಚ. ಚೆನ್ನಾಗಿ ಕರಗಿಸಿ, ಹತ್ತಿ ಉಂಡೆಯಲ್ಲಿ ಅದ್ದಿ, ಸಣ್ಣ ತೂತು ಮಾಡಿದ ಮುಚ್ಚಳದ ಡಬ್ಬಿಯಲ್ಲಿಟ್ಟು ಸಾಲಿನ ಪಕ್ಕ ಇಡಬೇಕು. ಬೇಗ ಸಾಯಲಿ ಎಂದು ಪುಡಿಯನ್ನು ಹೆಚ್ಚು ಮಾಡಿದರೆ ಕೆಲಸ ಕೆಡುತ್ತದೆ. ಇರುವೆ ಗೂಡು ಮುಟ್ಟುವ ಮೊದಲೇ ಸತ್ತರೆ ರಾಣಿಗೆ ವಿಷ ತಲುಪುವುದಿಲ್ಲ. ಮೊದಲ ದಿನ ಇರುವೆಗಳು ಇನ್ನೂ ಹೆಚ್ಚಾಗಿ ಮುತ್ತುತ್ತವೆ. ಗಾಬರಿಯಾಗಿ ಒರೆಸಬಾರದು, ಆಗಬೇಕಾದ್ದು ಅದೇ. ಪಾಕವನ್ನು ಎರಡು ದಿನಕ್ಕೊಮ್ಮೆ ಹೊಸದಾಗಿ ತುಂಬುತ್ತಾ ಎರಡು ಮೂರು ವಾರ ಮುಂದುವರಿಸಬೇಕು. ಇರುವೆ ಸಿಹಿಗೆ ಬಾರದಿದ್ದರೆ ಅದಕ್ಕೆ ಬೇಕಾದ್ದು ಬೇರೆ ಎಂದರ್ಥ. ಮೂರು ಸೀಸೆ ಮುಚ್ಚಳಗಳಲ್ಲಿ ಸಕ್ಕರೆ ಪಾಕ, ಕಡಲೆಕಾಯಿ ಎಣ್ಣೆ, ಬೇಯಿಸಿದ ಮೊಟ್ಟೆಯ ಚೂರು ಇಟ್ಟು ಯಾವುದಕ್ಕೆ ಮುತ್ತುತ್ತವೆಂದು ಮೊದಲು ಪರೀಕ್ಷಿಸಿಕೊಳ್ಳಬಹುದು.

ಬೋರಿಕ್ ಪುಡಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ ಎಂದ ಮಾತ್ರಕ್ಕೆ ನಿರಪಾಯಕರವಲ್ಲ. ಹೊಟ್ಟೆಗೆ ಹೋದರೆ ಮಕ್ಕಳಿಗೆ ಅದು ವಿಷವೇ. ಪಾಕ ತಯಾರಿಸುವ ಕೆಲಸ ದೊಡ್ಡವರದು. ಡಬ್ಬಿಯ ಮೇಲೆ ಹೆಸರು ಬರೆದು, ಪುಟ್ಟ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದ ಕಡೆ ಇಡಬೇಕು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ನೆಲದ ಮೇಲೆ ಇಡುವ ಮಾತೇ ಬೇಡ.

ಇರುವೆಗಿಂತ ಔಷಧವೇ ಅಪಾಯ

ಇರುವೆ ಮನೆಗೆ ತರುವ ಕಷ್ಟ ಸಣ್ಣದು. ಇರುವೆಯ ಮೇಲಿನ ಸಿಟ್ಟಿನಲ್ಲಿ ಮನೆಗೆ ತರುವ ವಿಷದ ಕಷ್ಟ ದೊಡ್ಡದಾಗಬಹುದು. ಹಿಂದೆ ಇರುವೆ ಪುಡಿ ಎಂದು ಧಾರಾಳವಾಗಿ ಉದುರಿಸುತ್ತಿದ್ದ ಬಿ.ಎಚ್.ಸಿ.ಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಅಟ್ಟದಲ್ಲೋ ಮೂಲೆಯಲ್ಲೋ ಹಳೆಯ ಪುಡಿಯ ಪೊಟ್ಟಣ ಉಳಿದಿದ್ದರೆ ಬಳಸಬಾರದು.

ಕೀಟನಾಶಕದ ಸೀಮೆಸುಣ್ಣದ ವಿಷಯದಲ್ಲಿ ಹೆತ್ತವರು ವಿಶೇಷ ಎಚ್ಚರ ವಹಿಸಬೇಕು. ಅದು ಶಾಲೆಯ ಸೀಮೆಸುಣ್ಣದ ಹಾಗೆಯೇ ಕಾಣುತ್ತದೆ. ಆದರೆ ಅದರಲ್ಲಿರುವುದು ಡೆಲ್ಟಾಮೆಥ್ರಿನ್‌ನಂಥ ಕೀಟನಾಶಕ. ಸ್ಲೇಟಿನ ಪಕ್ಕದಲ್ಲಿ ಬಿದ್ದಿದ್ದರೆ ಮಗು ಬರೆಯುತ್ತದೆ, ಕೈ ಬಾಯಿಗೆ ಹಾಕುತ್ತದೆ. ಪಾತ್ರೆ ಇಡುವ ಕಪಾಟಿನಲ್ಲಿ ಗೆರೆ ಎಳೆದರೆ ಪುಡಿ ಊಟದ ತಟ್ಟೆಗೆ ಬರುತ್ತದೆ. ಗೂಡಿಗೆ ಸುರಿಯಲೆಂದು ಸೀಮೆಎಣ್ಣೆಯನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವುದೂ ಇಷ್ಟೇ ಅಪಾಯದ ಅಭ್ಯಾಸ. ಮಗು ಇಂಥದ್ದೇನನ್ನಾದರೂ ನುಂಗಿದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಪೊಟ್ಟಣ ಅಥವಾ ಬಾಟಲಿಯನ್ನು ಜೊತೆಗೆ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕೆಂಪು ಇರುವೆ ಚುಚ್ಚಿದಾಗ ಜಾಗವನ್ನು ಸಾಬೂನಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಟ್ಟರೆ ಸಾಮಾನ್ಯವಾಗಿ ಉರಿ ಇಳಿಯುತ್ತದೆ. ಗುಳ್ಳೆಯನ್ನು ಒಡೆಯಬಾರದು. ಮುಖ, ತುಟಿ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ ಅದು ಅಲರ್ಜಿಯ ಲಕ್ಷಣ, ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಧಾವಿಸಬೇಕು.

ಇರುವೆ ಕೊಡುವ ಒಂದು ಸೂಚನೆ

ಸಿಹಿಮೂತ್ರ ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ಬಚ್ಚಲಿಗೆ ಇರುವೆ ಬಂದ ಮಾತ್ರಕ್ಕೆ ಹೆದರಬೇಕಾಗಿಲ್ಲ, ಅದು ನೀರಿಗೂ ಬಂದಿರಬಹುದು. ಆದರೆ ಮಗು ಮೂತ್ರ ಮಾಡಿದ ಜಾಗಕ್ಕೇ ಇರುವೆ ಮತ್ತೆ ಮತ್ತೆ ಮುತ್ತುತ್ತಿದ್ದು, ಜೊತೆಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಊಟ ಮಾಡಿದರೂ ತೂಕ ಇಳಿಯುವುದು, ಸುಸ್ತು ಕಂಡುಬಂದರೆ ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಕೆಲವೇ ದಿನಗಳಲ್ಲಿ ಉಲ್ಬಣಿಸುತ್ತದೆ, ತಡ ಮಾಡಿದರೆ ಪ್ರಾಣಕ್ಕೆ ಕುತ್ತು.

ಮನೆಯ ಹೊರಗಿನ ಇರುವೆಯನ್ನು ಹುಡುಕಿಕೊಂಡು ಹೋಗಿ ಕೊಲ್ಲುವ ಅಗತ್ಯವಿಲ್ಲ. ಅವು ಸತ್ತ ಹುಳುಗಳನ್ನು ಸಾಗಿಸುತ್ತವೆ, ಗೆದ್ದಲನ್ನು ತಿನ್ನುತ್ತವೆ, ಮಣ್ಣನ್ನು ಸಡಿಲಗೊಳಿಸುತ್ತವೆ. ಮಕ್ಕಳ ಕಾಲಿಗೆ ಸಿಗುವ ಕಡೆ ಕೆಂಪು ಇರುವೆಯ ಗೂಡಿದ್ದರೆ ಮಾತ್ರ ಅದಕ್ಕೆ ಕುದಿಯುವ ನೀರು ಸುರಿಯಬಹುದು, ಅದೂ ದೊಡ್ಡವರೇ, ಕಾಲು ಸುಟ್ಟುಕೊಳ್ಳದಂತೆ. ಇತರ ಇರುವೆಗಳಿಗೆ ಅಂಗಳವನ್ನು ಬಿಟ್ಟುಕೊಟ್ಟು ಹೊಸ್ತಿಲಿನ ಸಂದು ಮುಚ್ಚಿದರೆ ಸಾಕು.

ಈ ಭಾನುವಾರ ಮಕ್ಕಳು ಒಂದು ನೋಟುಬುಕ್ಕು ಹಿಡಿದು ಮನೆಯೆಲ್ಲ ಸುತ್ತಿ, ಯಾವ ಕೋಣೆಯಲ್ಲಿ ಯಾವ ಇರುವೆ, ಎಷ್ಟು ಉದ್ದ, ಎಷ್ಟು ಹೊತ್ತಿಗೆ, ಯಾವ ಸಂದಿನಿಂದ ಬಂತು ಎಂದು ಬರೆದುಕೊಳ್ಳಲಿ. ಆ ಪಟ್ಟಿ ಕೈಗೆ ಬಂದ ಮೇಲೆ ಬಿಳಿ ಸಿಮೆಂಟು ಎಲ್ಲಿಗೆ ಬೇಕು, ಪಾಕದ ಡಬ್ಬಿ ಎಲ್ಲಿಗೆ ಬೇಕು ಎಂಬುದನ್ನು ಅಪ್ಪ ಅಮ್ಮ ತೀರ್ಮಾನಿಸಲಿ.